ಒಲೆಯ ಮೇಲಿನ ಕೊಪ್ಪರಿಗೆ ಇಳಿಸುವಷ್ಟರಲ್ಲಿ

ಐರ್ಲೆಂಡಿನ ಲಿಮರಿಕ್‌ಗೆ ಬಂದು ಆರು ವರ್ಷವಾಯಿತು. ಕೆಲಸಕ್ಕೆಂದು ದಿನಾ ಎನಿಸ್ ಊರಿಗೆ ಹೋಗಿಬರುವ ಹೆದ್ದಾರಿಯ ಪಕ್ಕ, ಲಟೂನ್ ಎಂಬಲ್ಲಿ, ಒಂದು ಮುಳ್ಳುಗಿಡವಿದೆ. ಹಾಥಾರ್ನ್ ಅದರ ಹೆಸರು. ನೋಡಿದರೆ ಯಾರೂ ತಿರುಗಿ ನೋಡದಂಥ ಗಿಡ. 1999ರಲ್ಲಿ ಹೊಸ ರಸ್ತೆಗೆ ಇದು ಅಡ್ಡ ಬಂತು. ಎಡ್ಡಿ ಲೆನಿಹಾನ್ ಎಂಬ ಜಾನಪದ ಕಥೆಗಾರರು ಪತ್ರಿಕೆಗೆ ಬರೆದರು: ಮನ್‌ಸ್ಟರ್ ಸೀಮೆಯ ಫೇರಿಗಳು ಕೊನಾಕ್ಟ್ ಸೀಮೆಯವರ ಮೇಲೆ ದಂಡೆತ್ತಿ ಹೋಗುವ ಮುಂಚೆ ಸೇರುವ ಜಾಗವಿದು, ಕಡಿದರೆ ಆ ರಸ್ತೆಗೆ ಒಳ್ಳೆಯದಾಗದು ಎಂದು. ಎಂಜಿನಿಯರುಗಳು ನಕ್ಷೆ ಹೊಂದಿಸಿಕೊಂಡರು, ಗಿಡ ಉಳಿಯಿತು. 2002ರಲ್ಲಿ ಯಾರೋ ಗರಗಸ ತಂದು ಕೊಂಬೆಗಳನ್ನೆಲ್ಲ ಸವರಿಹಾಕಿದರು. ಮತ್ತೆ ಚಿಗುರಿತು.

ಫೇರಿ ಎಂದರೆ ರೆಕ್ಕೆ ಕಟ್ಟಿಕೊಂಡ ಪುಟ್ಟ ಹುಡುಗಿ ಎಂದುಕೊಂಡೇ ನಾನು ಇಲ್ಲಿಗೆ ಬಂದವನು. ಇಲ್ಲಿನ ಹಳಬರ ಕಥೆಗಳಲ್ಲಿ ಅವರು ಬಹುಪಾಲು ನಮ್ಮಂತೆಯೇ ಇರುವವರು. ದನ ಸಾಕುತ್ತಾರೆ, ಹರ್ಲಿಂಗ್ ಆಡುತ್ತಾರೆ, ಬಾಣಂತಿಯರನ್ನೂ ಕೂಸುಗಳನ್ನೂ ಕದ್ದೊಯ್ಯುತ್ತಾರೆ. ಹೆಸರೆತ್ತಬಾರದು ಎಂದು ‘ಒಳ್ಳೆಯ ಜನ’ ಎನ್ನುವುದು ವಾಡಿಕೆ. ಹಾವು ಕಚ್ಚಿತು ಎನ್ನದೆ ಹುಳ ಮುಟ್ಟಿತು ಎನ್ನುತ್ತಿದ್ದ ನನ್ನಜ್ಜಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ.

ನಮ್ಮ ಬಾಡಿಗೆ ಮನೆಯ ಹಿಂದಿನ ಹೊಲದಲ್ಲಿ ಬಳೆಯಂತೆ ದುಂಡಗಿನ ಮಣ್ಣಿನ ದಿಬ್ಬವೊಂದಿದೆ. ಪುರಾತತ್ವದವರನ್ನು ಕೇಳಿದರೆ, ಸಾವಿರ ವರ್ಷಕ್ಕೂ ಹಿಂದೆ ರೈತರು ಮನೆಯ ಸುತ್ತ ಹಾಕಿಕೊಂಡ ಆವರಣ. ಇಂಥವು ದೇಶದಲ್ಲಿ ಹತ್ತಾರು ಸಾವಿರ ಇವೆ. ಊರವರಿಗೆ ಮಾತ್ರ ಅದು ಫೇರಿಗಳ ಕೋಟೆ. ಹೊಲದ ಯಜಮಾನರ ಟ್ರ್ಯಾಕ್ಟರ್ ಅದನ್ನು ಬಳಸಿಕೊಂಡೇ ಹೋಗುತ್ತದೆ. ಯಾಕೆ ಎಂದು ಕೇಳಿದೆ. “ಅಪ್ಪ ಅಲ್ಲಿ ಉಳುತ್ತಿರಲಿಲ್ಲ” ಎಂದರು, ಅಷ್ಟೇ.

ಇದರ ಬೇರು ಹಳೆಯ ಪುರಾಣದಲ್ಲಿದೆ. ಗೇಲರು, ಅಂದರೆ ಐರಿಷರ ಪೂರ್ವಜರು, ಕಡಲು ದಾಟಿ ಬಂದು ಟೂಹ ಡೇ ಡನನ್ ಎಂಬ ದೇವಕುಲವನ್ನು ಸೋಲಿಸಿದರಂತೆ. ಆಮೇಲೆ ನೆಲದ ಮೇಲ್ಭಾಗ ಗೆದ್ದವರಿಗೆ, ಕೆಳಭಾಗ ಸೋತವರಿಗೆ ಎಂದು ಪಾಲಾಯಿತು. ದಿಬ್ಬಗಳೇ ಅವರ ಅರಮನೆ. ಸುಮಾರು 5,200 ವರ್ಷ ಹಳೆಯದಾದ ನ್ಯೂಗ್ರೇಂಜ್ ಸಮಾಧಿಯೂ ಅವರದೇ ಮನೆ ಎನ್ನುತ್ತವೆ ಕಥೆಗಳು. ಸತ್ತವರ ಮನೆ ಇನ್ನೊಂದಿದೆ. ಗೇಲರ ಪೈಕಿ ಡೊನ್ ಎಂಬವನು ಬರುವಾಗಲೇ ಕಡಲಲ್ಲಿ ಮುಳುಗಿ ಸತ್ತ. ಬೇರಾ ಪರ್ಯಾಯದ್ವೀಪದ ಆಚೆಗಿನ ಬುಲ್ ರಾಕ್ ಎಂಬ ಬಂಡೆಯೇ ಅವನ ಮನೆ, ಅವನ ಸಂತತಿಯೆಲ್ಲ ಸತ್ತಮೇಲೆ ಅಲ್ಲಿಗೆ ಬರಬೇಕು. ನಡುವೆ ತೂತಾದ ಬಂಡೆ, ಬಾಗಿಲೇ ಇದ್ದಂತಿದೆ. ನನಗೆ ಹಿಡಿಸಿದ್ದೇನೆಂದರೆ ಡೊನ್ ಹತ್ತಿರ ಚಿತ್ರಗುಪ್ತನಿಲ್ಲ. ಪಾಪ ಪುಣ್ಯದ ಲೆಕ್ಕ ಕೇಳುವವರೇ ಇಲ್ಲ.

ಹೋದ ಅಕ್ಟೋಬರ್ ಕೊನೆಗೆ, ಸೌವಿನ್ ಹಬ್ಬದ ಹೊತ್ತಿಗೆ, ರಾಸ್‌ಕಾಮನ್ ಜಿಲ್ಲೆಯ ರಾಥ್‌ಕ್ರೋಹನ್‌ಗೆ ಹೋದೆವು. ಹ್ಯಾಲೋವೀನಿನ ಮೂಲ ಸೌವಿನ್. ಆ ರಾತ್ರಿ ಆಚೆಯ ಲೋಕದ ಬಾಗಿಲುಗಳೆಲ್ಲ ತೆರೆದಿರುತ್ತವೆ. ಅಲ್ಲಿ ‘ಬೆಕ್ಕುಗಳ ಗವಿ’ ಇದೆ. ಉಸಿರು ತಾಗಿದ್ದೆಲ್ಲ ಬಾಡಿಸುವ ಹಕ್ಕಿಗಳು ಇದರಿಂದಲೇ ಹೊರಟವಂತೆ. ಹಳೆಯ ಬರಹಗಾರರು ಇದನ್ನು ಐರ್ಲೆಂಡಿನ ನರಕದ ಬಾಗಿಲು ಎಂದೇ ಕರೆದರು.

ನೇರಾನ ಕಥೆಯೂ ಇಲ್ಲಿಯದೇ. ಸೌವಿನ್ ರಾತ್ರಿ, ಒಲೆಯ ಮೇಲೆ ಕೊಪ್ಪರಿಗೆಯಲ್ಲಿ ಅಡುಗೆ ಬೇಯುತ್ತಿರುವಾಗ, ರಾಜ ಪಂಥ ಕಟ್ಟಿದ: ಗಲ್ಲಿಗೇರಿದ ಕೈದಿಯ ಕಾಲಿಗೆ ಕಡ್ಡಿಯ ಬಳೆ ಹಾಕಿ ಬಂದವನಿಗೆ ತನ್ನ ಕತ್ತಿ. ನೇರಾ ಹೋದ, ಹಾಕಿದ. ಹೆಣ ಬಾಯಾರಿಕೆ ಎಂದಿತು! ಬೆನ್ನ ಮೇಲೆ ಹೊತ್ತು ನೀರು ಕುಡಿಸಿ ತಂದ. ತಿರುಗಿ ನೋಡಿದರೆ ರಾಜನ ಕೋಟೆ ಹೊತ್ತಿ ಉರಿಯುತ್ತಿದೆ, ತಲೆಗಳ ರಾಶಿ ಬಿದ್ದಿದೆ. ಸುಟ್ಟವರ ದಂಡಿನ ಹಿಂದೆಯೇ ಗವಿಯೊಳಕ್ಕೆ ನಡೆದ. ಅಲ್ಲಿ ದಿನಾ ಸೌದೆ ಹೊರುವ ಕೆಲಸ, ಒಂದು ಮನೆ, ಒಬ್ಬ ಹೆಂಡತಿ. ಅವಳೇ ಗುಟ್ಟು ಹೇಳಿದಳು: ನೀನು ಕಂಡದ್ದು ಇನ್ನೂ ನಡೆದಿಲ್ಲ, ಮುಂದಿನ ಸೌವಿನ್‌ಗೆ ನಡೆಯುವುದು, ಹೋಗಿ ಎಚ್ಚರಿಸು. ಯಾರು ನಂಬುತ್ತಾರೆ ಎಂದಾಗ, ಬೇಸಿಗೆಯ ಹೂಗಳನ್ನು ಹಿಡಿದು ಹೋಗು ಎಂದಳು. ಕಾಡುಬೆಳ್ಳುಳ್ಳಿ, ಪ್ರಿಮ್‌ರೋಸ್, ಹೊನ್ನಿನ ಬಣ್ಣದ ಜರಿಗಿಡ ಹಿಡಿದು ಅವನು ಹೊರಬಂದರೆ, ಜನ ಅದೇ ಕೊಪ್ಪರಿಗೆಯ ಸುತ್ತ ಕೂತಿದ್ದಾರೆ, ಅಡುಗೆ ಇನ್ನೂ ಒಲೆಯಿಂದ ಇಳಿದಿಲ್ಲ.

ಒಶೀನ್ ಎಂಬ ಇನ್ನೊಬ್ಬ ವೀರನಿಗೆ ಆದದ್ದು ಇದರ ತಿರುಗುಮುರುಗು. ಟೀರ್ ನ ನೋಗ್ ಎಂಬ ಚಿರಯೌವನದ ನಾಡಿನಲ್ಲಿ ಮೂರು ವರ್ಷ ಇದ್ದೆನೆಂದುಕೊಂಡು ಮರಳಿದರೆ ಇಲ್ಲಿ ಮುನ್ನೂರು ಕಳೆದಿತ್ತು, ಕಾಲು ನೆಲಕ್ಕೆ ತಾಗಿದ್ದೇ ತಡ ಮುದುಕನಾದ. ಪರದೇಶಿಗಳೆಲ್ಲ ಇದನ್ನು ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ನೇರಾನೇ ಹತ್ತಿರ. ಕೊನೆಗೆ ಅವನು ಹೆಂಡತಿಯ ಲೋಕದಲ್ಲೇ ಉಳಿದುಬಿಟ್ಟ.

ಗವಿಯ ಬಾಯಿ ದನ ಮೇಯುವ ಹೊಲದಂಚಿನಲ್ಲಿದೆ, ನಾಯಿ ನುಸುಳುವಷ್ಟು. ತೆವಳಿಕೊಂಡು ಹೋಗಿ ಮಲಗಿದಂತೆಯೇ ಮೇಲೆ ನೋಡಿದರೆ, ಅಡ್ಡಗಲ್ಲಿನ ಅಂಚಿನಲ್ಲಿ ಓಗಮ್ ಎಂಬ ಹಳೆಯ ಐರಿಷ್ ಲಿಪಿಯ ಗೀರುಗಳು: ಮೇವ್‌ನ ಮಗ ಫ್ರೇಕ್‌ನದು ಎಂದು. ಮುಂದೆ ಕೆಸರಿನ ಜಾರು. ಕೆಳಗಿಳಿದು ಮಾರ್ಗದರ್ಶಿ ಟಾರ್ಚ್ ಆರಿಸಿದಳು. ನನ್ನ ಕೈ ನನಗೇ ಕಾಣಲಿಲ್ಲ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

ಹೊರಬಂದಾಗ ಒಂದು ಗಂಟೆಯಾದರೂ ಆಗಿರಬೇಕು ಅನಿಸಿತು. ಮೊಣಕಾಲಿಗೆ ಕೆಸರು ಬೇಡವೆಂದು ಕಾರಿನಲ್ಲೇ ಕೂತಿದ್ದ ನನ್ನಾಕೆ, ಫ್ಲಾಸ್ಕಿನಿಂದ ಬಗ್ಗಿಸಿಕೊಂಡ ಟೀಯನ್ನು ಇನ್ನೂ ಊದುತ್ತಾ ಕುಡಿಯುತ್ತಿದ್ದಳು. “ಇಷ್ಟು ಬೇಗ ಬಂದ್ರಾ?” ಎಂದಳು.