ಹನ್ನೊಂದು ಬಾಳೆಹಣ್ಣು

ಭೂಗೋಳದ ಸರ್ ಹೋದ ಸುದ್ದಿ ಬಂದಾಗ ನಾನು ಹಡಗಿನಲ್ಲಿದ್ದೆ. ಈಗ ನನ್ನನ್ನು ಎಲ್ಲರೂ ಕ್ಯಾಪ್ಟನ್ ಅಂತಾರೆ. ಸರ್ ಮಾತ್ರ ಕೊನೇವರೆಗೂ ‘ಏ ತಮ್ಮಾ’ ಅಂತಲೇ ಕರೆದರು. ಅವರ ಪಾಠದಲ್ಲಿ ನನಗೆ ನೆನಪಿರುವುದು ಒಂದೇ: ಕಾಳಿ ನದಿ ಜೋಯಿಡಾದ ಡಿಗ್ಗಿ ಹತ್ತಿರ ಹುಟ್ಟಿ 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಅದೂ ಯಾಕೆ ನೆನಪಿದೆ ಅಂದರೆ, ಆ ಅಳಿವೆಯಲ್ಲಿ ಅವರು ನಮ್ಮ ಕೈಲಿ ಹುಟ್ಟು ಹಾಕಿಸಿದ್ದಾರೆ.

ಶಾಲೆಯ ನೇವಿ ಎನ್‌ಸಿಸಿಗೂ ಅವರೇ ಮಾಸ್ತರು. ಗಂಟು ಕಲಿಸುವಾಗ ಹಗ್ಗದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, “ಏಡಿ ಬಿಲದಿಂದ ಹೊರಗೆ ಬಂತು, ಕಲ್ಲು ಸುತ್ತಿತು, ಹೆದರಿ ಮತ್ತೆ ಬಿಲಕ್ಕೆ ಹೋಯ್ತು” ಅಂತ ಎಳೆದರೆ ಬೋಲೈನ್ ಗಂಟು ತಯಾರು. ಇವತ್ತಿಗೂ ನನ್ನ ಹುಡುಗರಿಗೆ ಆ ಏಡಿಯನ್ನೇ ಹೇಳಿಕೊಡುತ್ತೇನೆ.

1987ರ ಡಿಸೆಂಬರ್. ಒಂದು ಭಾನುವಾರ ಕಾರವಾರದ ಕೋಡಿಬಾಗದಿಂದ 27 ಅಡಿಯ ವೇಲರ್‌ನಲ್ಲಿ, ಅಂದರೆ ಹುಟ್ಟು, ಹಾಯಿ ಎರಡೂ ಇರುವ ದೋಣಿಯಲ್ಲಿ, ಕೂರ್ಮಗಡ ದ್ವೀಪಕ್ಕೆ ಹೊರಟೆವು. ಒಂಬತ್ತನೇ ಕ್ಲಾಸಿನ ಹತ್ತು ಹುಡುಗರು, ಸರ್, ಮತ್ತೆ ಒಂದು ಬಾಳೆಗೊನೆ. ಗೊನೆ ಸರ್ ಅಮ್ಮನ ಹರಕೆಯದು. ಅಲ್ಲಿನ ನರಸಿಂಹ ದೇವರಿಗೆ ಬಾಳೆಗೊನೆ ಒಪ್ಪಿಸುವ ಪದ್ಧತಿ. ಬೆಳಗಿನ ನೆಲಗಾಳಿ ಬೆನ್ನಿಗಿತ್ತು, ಹಾಯಿ ತುಂಬಿಕೊಂಡಿತು. “ಕಾಳಿ ಸೇತುವೆ ನಿಮ್ಮ ಬೆನ್ನಿಗೇ ಇರಲಿ, ತಿರುಗಿ ತಿರುಗಿ ನೋಡ್ರೋ” ಅಂತ ಸರ್ ಕೂಗುತ್ತಿದ್ದರು. ದ್ವೀಪ ದೂರದಿಂದ ನಿಜವಾಗಿಯೂ ಆಮೆಯ ಬೆನ್ನಿನ ಹಾಗೇ ಕಾಣುತ್ತದೆ.

ದೋಣಿ ಕಟ್ಟಿ ಗುಡ್ಡ ಹತ್ತಲು ಶುರು ಮಾಡಿದೆವು. ಕಾಲಡಿ ಒಣಗಿದ ಎಲೆ, ಮೇಲೆ ಬಿಸಿಲು, ಮೈಯೆಲ್ಲಾ ಉಪ್ಪು. ಗೊನೆಯನ್ನು ಒಂದು ಕೋಲಿಗೆ ಕಟ್ಟಿ ನಮ್ಮ ಮೂವರಿಗೆ ಒಪ್ಪಿಸಿದ್ದರು. ಇಬ್ಬರು ಹೊರುವುದು, ಒಬ್ಬ ಸುಧಾರಿಸಿಕೊಳ್ಳುವುದು. ನಾವು ಸುಮ್ನೆ ಹಿಂದೆ ಉಳಿದೆವು. ಹಣ್ಣಿನ ವಾಸನೆ ಮೂಗಿನ ಹತ್ತಿರವೇ ತೂಗುತ್ತಿತ್ತು, ಏನು ಮಾಡುವುದು ಹೇಳಿ! ಒಳಗಿನ ಸಾಲಿನಿಂದ ಒಂದೊಂದೇ ಕಿತ್ತೆವು. ಸಿಪ್ಪೆ ಪೊದೆಯೊಳಗೆ ಹೋಯಿತು. ಗುಡಿ ಕಾಣಿಸಿದಾಗ ಗೊನೆಯ ತುಂಬಿದ ಬದಿಯನ್ನು ಮುಂದಕ್ಕೆ ತಿರುಗಿಸಿಕೊಂಡೆವು.

ಸರ್ ಗೊನೆ ಇಟ್ಟು ಕೈಮುಗಿದರು. ಪ್ರಸಾದ ಹಂಚಿದರು. ಅವಲಕ್ಕಿ ತಿಂದೆವು. ಏನೂ ಹೇಳಲಿಲ್ಲ. ಬಚಾವಾದೆವು ಅಂದುಕೊಂಡೆವು.

ಮಧ್ಯಾಹ್ನ ಕಡಲಗಾಳಿ ಎದ್ದಿತ್ತು. ಹಾಯಿ ಬಿಚ್ಚಿದ್ದರೆ ಕೂತಲ್ಲೇ ಕೋಡಿಬಾಗ ಮುಟ್ಟಬಹುದಿತ್ತು. ಸರ್ ಚುಕ್ಕಾಣಿ ಹಿಡಿದು ಕೂತು, “ಹಾಯಿ ಬೇಡ. ಹನ್ನೊಂದು ಹಣ್ಣು ತಿಂದ ತೋಳು ದೋಣಿಯಲ್ಲಿದೆ, ಗಾಳಿ ಯಾಕೆ?” ಅಂದರು. ಇದ್ದ ಐದು ಹುಟ್ಟಿನಲ್ಲಿ ಮೂರು ನಮಗೆ, ದಡ ಮುಟ್ಟುವವರೆಗೆ. ಉಳಿದೆರಡಕ್ಕೆ ಬೇರೆ ಹುಡುಗರ ಪಾಳಿ. ತಪ್ಪೇ ಮಾಡದ ಅವರು ದಾರಿಯುದ್ದಕ್ಕೂ ನಮಗೆ ಕೊಂಕಣಿಯಲ್ಲಿ ಬೈದರು. ಅಂಗೈ ಬೊಬ್ಬೆ ವಾರವಾದರೂ ಇಳಿಯಲಿಲ್ಲ. ಮನೆಯಲ್ಲಿ ಯಾರೂ ದೂರು ಕೊಡಲು ಹೋಗಲಿಲ್ಲ.

ನನ್ನ ತಂಗಿ ಮಗನ ಶಾಲೆಯವರು ‘ಔಟ್‌ಡೋರ್ ಡೇ’ ಅಂತ ಎಸಿ ಬಸ್ಸಿನಲ್ಲಿ ವಾಟರ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಾರೆ. ಗಂಟೆಗೊಂದು ಫೋಟೊ ಅಪ್ಪ ಅಮ್ಮನ ಮೊಬೈಲಿಗೆ ಬರುತ್ತದೆ. ಲೈಫ್ ಜಾಕೆಟ್ ಹಾಕಿಸುತ್ತಾರೆ, ಅದು ಒಳ್ಳೆಯದೇ. ನಮಗೆ ಅದೂ ಇರಲಿಲ್ಲ. ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಕೇಳಿದರೆ ಆ ಹುಡುಗ ಮೊಬೈಲು ತೆಗೆಯುತ್ತಾನೆ.

2024ರ ಆಗಸ್ಟ್‌ನಲ್ಲಿ ಕಾಳಿಯ ಹಳೇ ಸೇತುವೆ ಕುಸಿದು ಬಿದ್ದಾಗ ಸರ್ ಫೋನ್ ಮಾಡಿದ್ದರು. “ಏ ತಮ್ಮಾ, ಇನ್ನು ಯಾವುದನ್ನು ಬೆನ್ನಿಗಿಟ್ಟುಕೊಂಡು ಹೋಗ್ತೀಯೋ?” “ಪಕ್ಕದಲ್ಲೇ ಹೊಸದಿದೆಯಲ್ಲ ಸರ್” ಅಂದೆ. “ಅದು ನನಗೆ ಗುರುತಿಲ್ಲ” ಅಂದರು. ಅದೇ ಅವರ ಜೊತೆ ಆಡಿದ ಕೊನೇ ಮಾತು.

ವೈಕುಂಠ ಸಮಾರಾಧನೆಗೆ ನಾವು ಮೂವರೂ ಸೇರಿದ್ದೆವು. ಊಟದಲ್ಲಿ ಎಲೆ ತುದಿಗೆ ಬಾಳೆಹಣ್ಣು ಬಂತು. ಹನ್ನೊಂದು ಅಂದರೆ ನಾಲ್ಕು, ನಾಲ್ಕು, ಮೂರು. ಮೂರು ತಿಂದವನು ತಾನು ಅಂತ ಮೂವರೂ ಇವತ್ತಿಗೂ ಜಗಳವಾಡುತ್ತೇವೆ.