ಲೆಕ್ಕ ಸರಿ ಇತ್ತು, ಆದರೂ ಯಾರೂ ಕೇಳಲಿಲ್ಲ

"ಪುರಾವೆ ಇದೆ, ಇನ್ನೇನು ಬೇಕು?" ಅನ್ನುವವರನ್ನು ಕಂಡಾಗಲೆಲ್ಲ ನನಗೆ ಇಗ್ನಾಜ್ ಸೆಮ್ಮೆಲ್‌ವೈಸ್ ನೆನಪಾಗುತ್ತಾನೆ. ವಿಯೆನ್ನಾದ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆರಿಗೆ ಡಾಕ್ಟರ್ ಆಗಿದ್ದವನು. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರು ಕೆಲಸ ಮಾಡುತ್ತಿದ್ದ ಕಡೆಗಿಂತ, ಡಾಕ್ಟರುಗಳೂ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದ ಕಡೆಯೇ ಬಾಣಂತಿಯರು ಜಾಸ್ತಿ ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆ ಮಾಡಿಸುತ್ತಾರಲ್ಲ, ಅದೇ ಕಾರಣ ಎಂದು ಆತನಿಗೆ ಹೊಳೆಯಿತು. 1847ರ ಮೇ ತಿಂಗಳಲ್ಲಿ ಎಲ್ಲರಿಂದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಸಾವು ಜೂನ್‌ನಲ್ಲಿ ಶೇ. 2ರ ಆಸುಪಾಸಿಗೆ ಇಳಿಯಿತು.

ಇದಕ್ಕಿಂತ ಗಟ್ಟಿ ಪುರಾವೆ ಎಲ್ಲಿ ಸಿಗುತ್ತದೆ? ಆದರೂ ಆ ಕಾಲದ ಬಹಳಷ್ಟು ಡಾಕ್ಟರುಗಳು ಒಪ್ಪಲಿಲ್ಲ.

ಜನರನ್ನು ಒಪ್ಪಿಸುವುದಕ್ಕೆ ಮೂರು ದಾರಿ ಇವೆ ಎಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಹೇಳಿದ್ದ. ಈಥೋಸ್, ಅಂದರೆ ಮಾತಾಡುವವನ ಮೇಲಿನ ನಂಬಿಕೆ. ಪೇಥೋಸ್, ಕೇಳುವವರ ಮನಸ್ಸಿನಲ್ಲಿ ಏಳುವ ಭಾವನೆ. ಲೋಗೋಸ್, ವಾದ ಮತ್ತು ಪುರಾವೆ. ಇಷ್ಟು ಎಲ್ಲ ಭಾಷಣ ತರಬೇತಿಯಲ್ಲೂ ಸಿಗುತ್ತದೆ. ಮೂರನ್ನೂ ಸಮವಾಗಿ ಬೆರೆಸಿ ಅಂತ ಸಲಹೆ ಕೊಟ್ಟು ಕಳಿಸುತ್ತಾರೆ. ಅದು ಸುಮ್ನೆ ಹೇಳುವ ಮಾತು. ಕೇಳುಗರಿಗೆ ನಮ್ಮ ಮೇಲೆ ನಂಬಿಕೆಯೇ ಇಲ್ಲದಿದ್ದರೆ ಲೆಕ್ಕ ಎಷ್ಟು ಸರಿ ಇದ್ದರೂ ಅವರು ಅದರಲ್ಲಿ ಹುಳುಕು ಹುಡುಕುತ್ತಾ ಕೂರುತ್ತಾರೆ, ನಂಬಿಕೆ ಇದ್ದರೆ ಅದೇ ಲೆಕ್ಕವನ್ನು ಕಿವಿಗೊಟ್ಟು ಕೇಳುತ್ತಾರೆ.

ಸೆಮ್ಮೆಲ್‌ವೈಸ್ ಎಡವಿದ್ದು ಇಲ್ಲೇ ಅನ್ನಿಸುತ್ತದೆ. ರೋಗಾಣುಗಳ ಬಗ್ಗೆ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಹಾಗಾಗಿ ಏಕೆ ಹೀಗಾಗುತ್ತದೆ ಎಂದು ವಿವರಿಸುವುದೂ ಕಷ್ಟವಿತ್ತು. ಅದರ ಮೇಲೆ ಆತ ತನ್ನ ಪುಸ್ತಕ ತಂದದ್ದು 1861ರಲ್ಲಿ, ಅಷ್ಟು ವರ್ಷ ಬಿಟ್ಟು. ಆಮೇಲೆ ಒಪ್ಪದವರಿಗೆ ಬಹಿರಂಗ ಪತ್ರ ಬರೆದು ಕೊಲೆಗಾರರು ಎಂದ. ಸಿಟ್ಟು ನ್ಯಾಯವಾದದ್ದೇ. ಆದರೆ "ನಿನ್ನ ಕೈಯಿಂದಲೇ ತಾಯಂದಿರು ಸತ್ತರು" ಎಂದು ಕೇಳಿಸಿಕೊಂಡ ಡಾಕ್ಟರು ಮೊದಲು ಮಾಡುವ ಕೆಲಸ ತನ್ನನ್ನು ತಾನು ಸಮರ್ಥಿಸಿಕೊಳ್ಳುವುದು, ಅಲ್ವಾ? ಭಾವನೆ ಎಬ್ಬಿಸಿದ, ಆದರೆ ಎದುರಿನವನು ಬಾಗಿಲು ಹಾಕಿಕೊಳ್ಳುವಂಥ ಭಾವನೆಯನ್ನೇ ಎಬ್ಬಿಸಿದ.

ಅರಿಸ್ಟಾಟಲ್ ಇದರ ಬಗ್ಗೆ ತುಂಬಾ ಯೋಚಿಸಿದ್ದ. ಯಾರಿಗಾದರೂ ಸಿಟ್ಟು ಬರಿಸಬೇಕಾದರೆ ಮೂರು ಸಂಗತಿ ತಿಳಿದಿರಬೇಕು ಅನ್ನುತ್ತಾನೆ: ಎಂಥ ಮನಸ್ಥಿತಿಯಲ್ಲಿ ಸಿಟ್ಟು ಬರುತ್ತದೆ, ಯಾರ ಮೇಲೆ ಬರುತ್ತದೆ, ಯಾತಕ್ಕೆ ಬರುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಆಗದು. ಹಿನ್ನೆಲೆ ಸಂಗೀತ ಹಾಕಿ ಕಣ್ಣೀರು ತರಿಸುವುದಷ್ಟೇ ಪೇಥೋಸ್ ಅಂದುಕೊಂಡವರು ಇದನ್ನು ಗಮನಿಸಬೇಕು.

ಈಥೋಸ್ ಬಗ್ಗೆ ಆತ ಹೇಳಿದ್ದು ನನಗೆ ಇನ್ನೂ ಇಷ್ಟ. ಆ ನಂಬಿಕೆ ಹುಟ್ಟಬೇಕಾದ್ದು ಮಾತಿನಿಂದಲೇ, ಮೊದಲೇ ಇರುವ ಹೆಸರಿನಿಂದಲ್ಲ. ಡಿಗ್ರಿ, ಹುದ್ದೆ, ಅನುಭವದ ಪಟ್ಟಿ ಓದಿ ಮಾತು ಶುರು ಮಾಡುವವರು ಇದನ್ನು ಉಲ್ಟಾ ಮಾಡುತ್ತಾರೆ. ಎದುರು ಪಕ್ಷದ ಬಲವಾದ ಆಕ್ಷೇಪವನ್ನು ನಾವೇ ಮೊದಲು, ಅದೂ ಅವರು ಹೇಳುವುದಕ್ಕಿಂತ ಚೆನ್ನಾಗಿ, ಹೇಳಿಬಿಟ್ಟರೆ ಸಿಗುವ ನಂಬಿಕೆ ಯಾವ ಪಟ್ಟಿಯಿಂದಲೂ ಸಿಗುವುದಿಲ್ಲ.

ಇನ್ನು ಲೋಗೋಸ್. ಎಲ್ಲ ಮೆಟ್ಟಿಲನ್ನೂ ನಾವೇ ಹತ್ತಿಸಬೇಕಿಲ್ಲ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು, ಅಮೆರಿಕ ಕರಿಯ ಜನರಿಗೆ ಕೊಟ್ಟ ಸ್ವಾತಂತ್ರ್ಯ, ನ್ಯಾಯದ ಭರವಸೆಯನ್ನು ಚೆಕ್‌ಗೆ ಹೋಲಿಸಿ, ಆ ಚೆಕ್ ಸಾಕಷ್ಟು ಹಣವಿಲ್ಲವೆಂದು ವಾಪಸ್ ಬಂದಿದೆ ಎಂದರು. ಕೊಟ್ಟ ಮಾತು ಉಳಿಸಿಕೊಳ್ಳಬೇಕು ಎಂದು ವಾದ ಮಾಡುವ ಅಗತ್ಯವೇ ಬೀಳಲಿಲ್ಲ. ಅದು ಕೇಳುಗರ ತಲೆಯಲ್ಲಿ ಮೊದಲೇ ಇತ್ತು. ಅದೇ ಮಾತಿನಲ್ಲಿ ವಾದವೂ ಇದೆ, ಮೋಸ ಹೋದವರ ಸಿಟ್ಟೂ ಇದೆ. ಎಷ್ಟು ಪಾಲು ಲೋಗೋಸ್, ಎಷ್ಟು ಪಾಲು ಪೇಥೋಸ್ ಎಂದು ಬಿಡಿಸಲು ಹೋದರೆ ಕೈಗೆ ಏನೂ ಸಿಗುವುದಿಲ್ಲ.