ಸೋರುವ ಪೈಪು, ಏರುವ ಕರೆಂಟ್ ಬಿಲ್ಲು

ಯಗಚಿ ನದಿ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ, ಚಿಕ್ಕಮಗಳೂರಿನ ನೆತ್ತಿಯ ಮೇಲೆ. ಇಳಿದು ಹೋಗಿ ಬೇಲೂರಿನ ಹತ್ತಿರ ಅಣೆಕಟ್ಟಿನಲ್ಲಿ ನಿಂತ ಆ ನೀರನ್ನೇ ಮತ್ತೆ ಪಂಪು ಹಾಕಿ ಊರಿಗೆ ಹತ್ತಿಸುತ್ತೇವೆ. ಹಿರೇಕೊಳಲೆ ಕೆರೆಯೊಂದೇ ಸಾಲದಲ್ಲ. ಹವಾಮಾನದ ಬಗ್ಗೆ ನಗರಸಭೆ ಏನಾದರೂ ಮಾಡುವುದಿದ್ದರೆ, ಜೂನ್ 5ರ ಪರಿಸರ ದಿನದ ಸಸಿಗೆ ಮೊದಲು ಪಂಪ್‌ಹೌಸಿನ ಲಾಗ್‌ಬುಕ್ ತೆರೆಯಲಿ.

ಲೆಕ್ಕ ಸರಳ. ದಿನಕ್ಕೆ 10 ಲಕ್ಷ ಲೀಟರನ್ನು 100 ಮೀಟರ್ ಎತ್ತಲು, ಪಂಪು-ಮೋಟಾರಿನ ಒಟ್ಟು ದಕ್ಷತೆ ಶೇ. 65 ಇದ್ದರೆ, ಸುಮಾರು 420 ಯೂನಿಟ್ ಬೇಕು. ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಸವೆದು ದಕ್ಷತೆ ಶೇ. 50ಕ್ಕೆ ಇಳಿದರೆ ಅದೇ ನೀರಿಗೆ 545. ಪೈಪಿನೊಳಗಿನ ಘರ್ಷಣೆ ಇದರಲ್ಲಿ ಸೇರಿಲ್ಲ. ಎತ್ತಿದ್ದರಲ್ಲಿ ಕಾಲುಭಾಗ ದಾರಿಯಲ್ಲೇ ಸೋರಿದರೆ, ಸುಸ್ಥಿತಿಯ ಪಂಪಿನಲ್ಲೂ ದಿನಕ್ಕೆ 105 ಯೂನಿಟ್ ಮಣ್ಣುಪಾಲು. ಯೂನಿಟ್ಟಿಗೆ ಸುಮಾರು 0.7 ಕೆಜಿಯಂತೆ ಹಿಡಿದರೂ 70 ಕೆಜಿಗೆ ಮೀರಿದ ಇಂಗಾಲದ ಡೈಆಕ್ಸೈಡ್. ಅದೂ ಬರೀ 10 ಲಕ್ಷ ಲೀಟರಿಗೆ!

ಸೋರಿಕೆ ಹಿಡಿಯುವುದು ರಾತ್ರಿಯ ಕೆಲಸ. 2ರಿಂದ 4 ಗಂಟೆಯೊಳಗೆ ಜನ ನೀರು ಬಳಸುವುದು ತೀರಾ ಕಡಿಮೆ. ಓವರ್‌ಹೆಡ್ ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ, ಒಂದು ವಾರ್ಡಿನ ಲೈನಿಗೆ ಮಾತ್ರ ಬಿಟ್ಟು, ಮಟ್ಟ ಎಷ್ಟು ಇಳಿಯಿತೆಂದು ಅಳೆಯಿರಿ. 10×10 ಮೀಟರಿನ ಟ್ಯಾಂಕಿನಲ್ಲಿ ಗಂಟೆಗೆ 10 ಸೆಂ.ಮೀ. ಇಳಿದರೆ 10,000 ಲೀಟರ್ ಹೋಯಿತೆಂದು ಅರ್ಥ. ಆಮೇಲೆ ಬೀದಿ ವಾಲ್ವುಗಳನ್ನು ಕೊನೆಯಿಂದ ಒಂದೊಂದಾಗಿ ಮುಚ್ಚುತ್ತ ಬನ್ನಿ. ಯಾವುದನ್ನು ಮುಚ್ಚಿದಾಗ ಇಳಿತ ಕಡಿಮೆಯಾಯಿತೋ ಆ ಬೀದಿಯಲ್ಲಿ ನೀರು ಹೋಗುತ್ತಿದೆ.

ಇಲ್ಲಿ ಎಡವಟ್ಟಾಗುವುದು ಎರಡು ಕಡೆ. ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ ಪೈಪು ಖಾಲಿಯಿರುತ್ತದೆ. ಮನೆಗಳ ಸಂಪು ತುಂಬುವವರೆಗೆ ಲೈನಿಗೆ ನೀರು ಕೊಟ್ಟು ಆಮೇಲೆ ಅಳೆಯದಿದ್ದರೆ ಸಂಪಿಗೆ ಹೋದದ್ದೂ ಸೋರಿಕೆಯ ಲೆಕ್ಕಕ್ಕೆ ಬರುತ್ತದೆ. ಫ್ಲೋಟ್ ವಾಲ್ವ್ ಇಲ್ಲದ ಸಂಪಂತೂ ಉಕ್ಕುತ್ತಲೇ ಇರುತ್ತದೆ. ಇನ್ನೊಂದು, ಹಳೇ ವಾಲ್ವು ಪೂರ್ತಿ ಮುಚ್ಚುವುದೇ ಇಲ್ಲ. ಪರೀಕ್ಷೆಗೆ ಮೊದಲೇ ಅವನ್ನು ಸರಿಮಾಡಿಸಿ.

ಹೆಚ್ಚಿನ ಸೋರಿಕೆ ಮನೆ ಕನೆಕ್ಷನ್ನು ಬೀದಿ ಪೈಪಿಗೆ ಕೂಡುವ ಫೆರುಲ್‌ನಲ್ಲೋ ವಾಲ್ವಿನ ತಿರುಗುವ ಕಡ್ಡಿಯ ಸುತ್ತ ನೀರು ತಡೆಯುವ ಗ್ಲ್ಯಾಂಡಿನಲ್ಲೋ ಇರುತ್ತದೆ. ದುರಸ್ತಿ ಮುಗಿಸಿ ಗುಂಡಿ ಮುಚ್ಚುವಾಗ ಪೈಪಿನ ಕೆಳಗೂ ಮೇಲೂ 15 ಸೆಂ.ಮೀ. ಮರಳು ಹಾಕಿಸಿ. ಅಗೆದ ಜಲ್ಲಿಕಲ್ಲನ್ನೇ ತುಂಬಿದರೆ ಲಾರಿ ಓಡಾಡಿ ಕಲ್ಲು ಒತ್ತಿ, ಮುಂದಿನ ಬೇಸಿಗೆಗೆ ಅದೇ ಜಾಗ ಮತ್ತೆ ಅಗೆಯಬೇಕಾಗುತ್ತದೆ.